ದುರ್ಬೀನ ಡಾಕ್ಟರ ಪಂಚಾಯ್ತಿ

ಮನುಷ್ಯನ ಹೊಟ್ಟೆಯ ಒಳಗನ್ನು ಒಮ್ಮೆ ಕಣ್ಣಾರೆ ಕಂಡವನಿಗೆ ಲೋಕದ ಅಹಂಕಾರವೆಲ್ಲ ಉದುರಿಹೋಗಿ ವೈರಾಗ್ಯ ಹುಟ್ಟುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರು ಯಾವ ಸರ್ಜನ್ನನ ಜೊತೆಗೂ ಕೆಲಸ ಮಾಡಿದವರಲ್ಲ. ನಾನು ಮಾಡಿದ್ದೇನೆ. ಆಯುಷ್ಯದ ಹೆಚ್ಚಿನ ಪಾಲನ್ನು ವಿಜಯಪುರದ ಆಪರೇಷನ್ ಥಿಯೇಟರುಗಳಲ್ಲಿ, ಮೇಜಿನ ತಲೆಯ ಕಡೆ ಸ್ಟೂಲಿನ ಮೇಲೆ ಕುಳಿತು, ರೋಗಿಗಳಿಗೆ ಅರಿವಳಿಕೆ ಕೊಡುತ್ತ ಕಳೆದವನು ನಾನು. ಹೊಟ್ಟೆಯನ್ನು ದಿನವೂ ಕಾಣುವವರ ಅಹಂಕಾರ ಎಂಥದು ಎಂಬುದನ್ನು ಆ ಸ್ಟೂಲಿನಿಂದ ನೋಡಿದಷ್ಟು ಚೆನ್ನಾಗಿ ಬೇರೆಲ್ಲಿಂದಲೂ ನೋಡಲಾಗದು.

ಈಗ ಬರೆಯಹೊರಟಿರುವುದು ಅಂಥ ಒಬ್ಬ ಸರ್ಜನ್ನರ ಬಗ್ಗೆ. ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಊರಿನವರಿಗೆ ಅದು ಬೇಕಾಗಿಯೂ ಇಲ್ಲ. ತಿಕೋಟಾದಿಂದ ಬಬಲೇಶ್ವರದವರೆಗೆ ಅವರು ಬರೀ 'ದುರ್ಬೀನ ಡಾಕ್ಟರು'. ಹೊಟ್ಟೆಯನ್ನು ಉದ್ದಕ್ಕೆ ಸೀಳದೆ, ಅಂಗಿಯ ಕಾಜಿನಷ್ಟು ಸಣ್ಣ ಮೂರ್ನಾಲ್ಕು ರಂಧ್ರ ಮಾಡಿ, ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಉದ್ದನೆಯ ಇಕ್ಕಳ-ಕತ್ತರಿ ಇಳಿಸಿ, ಟಿ.ವಿ. ಪರದೆ ನೋಡುತ್ತ ಮಾಡುವ ಶಸ್ತ್ರಚಿಕಿತ್ಸೆಗೆ ನಮ್ಮ ಕಡೆ ದುರ್ಬೀನ ಆಪರೇಷನ್ ಎನ್ನುತ್ತಾರೆ. ಅದನ್ನು ಈ ಊರಿಗೆ ತಂದ ಮೊದಲಿಗರಲ್ಲಿ ಅವರೂ ಒಬ್ಬರು. ಅವರನ್ನೇ ಕೇಳಿದ್ದರೆ, ಉಳಿದವರ ಸುದ್ದಿ ತಮಗೆ ಗೊತ್ತಿಲ್ಲ ಎನ್ನುತ್ತಿದ್ದರು.

ಆಳು ಕುಳ್ಳ. ಎತ್ತರದ ಸಹಾಯಕ ಸಿಕ್ಕರೆ ಮೇಜಿನ ಎತ್ತರದ ಬಗ್ಗೆ ದಿನವೂ ವ್ಯಾಜ್ಯ. "ಮೇಜು ಇಳಸ್ರೀ, ನಾ ಇಲ್ಲಿ ಗುಮ್ಮಟ ಹತ್ತಾಕ ಬಂದಿಲ್ಲ" ಎನ್ನುತ್ತಿದ್ದರು. ಅವರ ದವಾಖಾನೆ ಗೋಳಗುಮ್ಮಟದ ಹತ್ತಿರದ ಓಣಿಯಲ್ಲಿತ್ತು. ಪ್ರವಾಸಿಗಳು ಆಗಾಗ ಒಳಗೆ ಬಂದು ಟಿಕೆಟ್ ಎಲ್ಲಿ ಕೊಡುತ್ತಾರೆ ಎಂದು ಕೇಳುವರು. ಒಮ್ಮೆ ಹಾಗೆ ಬಂದವನ ಹೊಟ್ಟೆ ಮುಟ್ಟಿ ನೋಡಿ ಹರ್ನಿಯಾ ಇದೆಯೆಂದು ಹೇಳಿ, ಗುಮ್ಮಟ ಹತ್ತದಂತೆ ತಾಕೀತು ಮಾಡಿ ಕಳಿಸಿದ್ದರು. ಆತ ಕೇಳಿದ್ದು ಮೂತ್ರಿಖಾನೆ ಎಲ್ಲಿದೆ ಎಂದು ಮಾತ್ರ.

ತಮ್ಮ ಕೈಚಳಕವನ್ನು ಇತರರು ನೋಡಬೇಕೆಂಬ ಆಸೆ ಅವರಿಗೆ ಮೊದಲಿನಿಂದಲೂ ಇತ್ತು. ಸಿ.ಡಿ. ಕಾಲದಲ್ಲಿ ಪ್ರತಿ ಆಪರೇಷನ್ನಿನ ಸಿ.ಡಿ. ತೆಗೆಸಿ, ರೋಗಿಯ ಸಂಬಂಧಿಕರನ್ನು ಸಾಲಾಗಿ ಕೂಡಿಸಿ ತೋರಿಸುತ್ತಿದ್ದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಎದ್ದು ಹೊರಟರೆ ಡಾಕ್ಟರಿಗೆ ಸಿಟ್ಟು. "ಮದುವಿ ಸಿ.ಡಿ. ಮೂರ್ ಮೂರ್ ತಾಸ ಕುಂತು ನೋಡತೀರಿ. ಇದನ್ನ ನೋಡಾಕ ಏನ್ ಧಾಡಿ ಆಗೈತಿ ನಿಮಗ?"

ಈ ಆಡಂಬರದ ನಡುವೆ ಅವರದೊಂದು ರೂಢಿ ಮಾತ್ರ ಯಾವ ಅಹಂಕಾರದ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಅದನ್ನು ಹೇಳಬೇಕಾದರೆ ಪಿತ್ತಕೋಶದ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಯಕೃತ್ತಿನ ಕೆಳಗೆ ತೂಗುವ ಸಣ್ಣ ಚೀಲ ಅದು. ಅದರಲ್ಲಿ ಹರಳಾಗಿ ನೋವು ಕೊಡತೊಡಗಿದರೆ ಚೀಲವನ್ನೇ ತೆಗೆದುಹಾಕುತ್ತಾರೆ. ತೆಗೆಯುವ ಮೊದಲು ಆ ಚೀಲದ ಸಣ್ಣ ನಾಳಕ್ಕೂ ಅದಕ್ಕೆ ರಕ್ತ ಒಯ್ಯುವ ಕವಲಿಗೂ ಲೋಹದ ಕ್ಲಿಪ್ ಕೂಡಿಸಿ ಕತ್ತರಿಸಬೇಕು. ತೊಡಕೆಂದರೆ, ಪಕ್ಕದಲ್ಲೇ ಯಕೃತ್ತಿನಿಂದ ಕರುಳಿಗೆ ಹೋಗುವ ದೊಡ್ಡ ಪಿತ್ತನಾಳ ಇರುತ್ತದೆ. ಬಾವು ಬಂದ ಹೊಟ್ಟೆಯಲ್ಲಿ ಸಣ್ಣದು ದೊಡ್ಡದು ಎರಡೂ ಒಂದೇ ಥರ ಕಾಣುತ್ತವೆ. ಸಣ್ಣದೆಂದು ತಿಳಿದು ದೊಡ್ಡದನ್ನು ಕತ್ತರಿಸಿದರೆ, ರೋಗಿ ಆವತ್ತು ನಗುತ್ತಲೇ ಎಚ್ಚರಾಗುತ್ತಾನೆ. ನಾಲ್ಕು ದಿನ ಕಳೆದ ಮೇಲೆ ಹಳದಿಯಾಗುತ್ತಾನೆ.

ಕ್ಲಿಪ್ ಹಾಕಬೇಕಾದ ಆ ಘಳಿಗೆಗೆ ಸರಿಯಾಗಿ ನಮ್ಮ ಡಾಕ್ಟರು ನಿಂತುಬಿಡುತ್ತಿದ್ದರು. ಕೈಯಲ್ಲಿದ್ದುದನ್ನು ಸಹಾಯಕನಿಗೆ ಕೊಟ್ಟು, ರಕ್ತ ನಿಲ್ಲಿಸಲು ಸುಡುವ ಯಂತ್ರದ ಪೆಡಲಿನಿಂದ ಕಾಲು ತೆಗೆದು, ಒಂದು ಹೆಜ್ಜೆ ಹಿಂದೆ ಸರಿದು, ಗ್ಲೌಸು ಹಾಕಿದ ಎರಡೂ ಕೈಗಳನ್ನು ಎದೆಯ ಮೇಲೆ ಜೋಡಿಸಿಕೊಂಡು, ಪಂಕ್ತಿಯಲ್ಲಿ ಅನ್ನ ಬರುವುದನ್ನು ಕಾಯುವವರ ಹಾಗೆ ನಿಂತು, "ಹೂಂ, ಪಂಚಾಯ್ತಿ ಕೂಡಸ್ರಿ" ಎನ್ನುತ್ತಿದ್ದರು.

ಪಂಚರು ಯಾರೆಂದರೆ ಥಿಯೇಟರಿನ ಹಿರಿಯ ಸಿಸ್ಟರು, ಆವತ್ತಿನ ಸಹಾಯಕ, ಮತ್ತು ಹೊಟ್ಟೆಗೂ ತನಗೂ ಸಂಬಂಧವಿಲ್ಲವೆಂದು ತಲೆಯ ಕಡೆ ಕುಳಿತ ನಾನು. ಪರದೆಯ ಮೇಲೆ ಏನು ಕಾಣುತ್ತಿದೆ ಎಂದು ಒಬ್ಬೊಬ್ಬರೂ ಬಾಯಿಬಿಟ್ಟು ಹೇಳಬೇಕು. ಹೇಳದ ಹೊರತು ಕ್ಲಿಪ್ ಇಲ್ಲ.

"ಡಾಕ್ಟ್ರ, ಏನ್ ಕಾಣತೈತಿ?" ಎಂದು ನನ್ನನ್ನು ಕೇಳುವರು.

"ನಾಡಿ ಬರೋಬ್ಬರಿ ಐತ್ರಿ ಸರ."

"ನಾಡಿ ಕೇಳಿಲ್ರೀ. ಕಣ್ಣ ಅದಾವೋ ಇಲ್ಲೋ ಅಂತ ಕೇಳೀನಿ. ಟಿ.ವಿ. ಒಳಗ ಏನ್ ಕಾಣತೈತಿ ಹೇಳ್ರಿ."

ಸಿಸ್ಟರಿಗೆ ಈ ಪಂಚಾಯ್ತಿಯೆಂದರೆ ಮೈಯೆಲ್ಲ ಉರಿ. ಆಕೆಗೆ ಮಧ್ಯಾಹ್ನದ ಬಸ್ಸು ಹಿಡಿಯಬೇಕು. "ನನಗ ಎಲ್ಲಾ ಛಂದ ಕಾಣಾಕತ್ತೈತ್ರಿ ಸರ, ನನ್ನ ಬಸ್ಸೊಂದು ಕಾಣವಲ್ದು" ಎಂದು ಒಂದು ದಿನ ಅಂದೇಬಿಟ್ಟಳು. ಡಾಕ್ಟರು ಎದೆಯ ಮೇಲಿನ ಕೈ ತೆಗೆಯದೆ, "ಬಸ್ಸು ತಪ್ಪಿದ್ರ ಇನ್ನೊಂದ ಬರತೈತಿ ಬಾಯಿ" ಎಂದು ಮತ್ತೆ ಮೊದಲಿನಿಂದ ಶುರುಮಾಡಿದರು.

ನಾವು ಪಂಚರು ಅವರಿಗೆ ತಿಳಿಯದ್ದೇನನ್ನಾದರೂ ಹೇಳಿದ ನೆನಪು ನನಗಿಲ್ಲ. ಅದಕ್ಕಾಗಿ ನಮ್ಮನ್ನು ನೇಮಿಸಿರಲೂ ಇಲ್ಲ. ನಾವು ಹೇಳಿ, ಆಮೇಲೆ ಅವರು ನಮಗೆ ತಿಳಿಸಿ ಹೇಳುವಷ್ಟು ಹೊತ್ತು ಅವರ ಕೈ ಖಾಲಿ ಇರುತ್ತಿತ್ತು; ಪಂಚಾಯ್ತಿಯ ಫಲ ಅಷ್ಟೇ. ಒಮ್ಮೆ ಬೇರೆ ಊರಿನ ಸರ್ಜನ್ನರೊಬ್ಬರು ನೋಡಲು ಬಂದು ನಿಂತಿದ್ದರು. ಮೇಜಿನ ಮೇಲೆ ಒಬ್ಬ ಹೆಣ್ಣುಮಗಳು. ಸಿಸ್ಟರು ಹೂಂ ಎಂದಳು, ಸಹಾಯಕ ಹೂಂ ಎಂದ, ನಾನೂ ಹೂಂ ಎಂದೆ. ಡಾಕ್ಟರು ನಮಗೆ, "ಇದು ಚೀಲದ ನಾಳ ನೋಡ್ರಿ, ಇಲ್ಲಿಂದ ಹಿಂಗ ಬಂದು..." ಎಂದು ಬೆರಳು ತೋರಿಸುತ್ತಿದ್ದವರು ಅರ್ಧಕ್ಕೆ ಸುಮ್ಮನಾದರು. "ತಡೀರಿ. ಇದು ಅದಲ್ಲ." ಇನ್ನಷ್ಟು ಹೊತ್ತು ನೋಡಿದರು. ಆಮೇಲೆ ಸಿಸ್ಟರಿಗೆ, "ಚಾಕು ಕೊಡ್ರಿ, ಹೊಟ್ಟಿ ತೆರಿಯೂಣು" ಎಂದರು. ಒಳಗೆಲ್ಲ ಅಂಟಿಕೊಂಡಿತ್ತು, ಕೈಹಾಕಿ ಬಿಡಿಸದೆ ಬೇರೆ ದಾರಿ ಇರಲಿಲ್ಲ.

ಬಂದ ಸರ್ಜನ್ನರು ಮಾಸ್ಕಿನೊಳಗೇ ನಕ್ಕು, "ಏನ್ ಸರ, ದುರ್ಬೀನ ಡಾಕ್ಟರು ಚಾಕು ಹಿಡದ್ರಲ್ಲ?" ಎಂದರು.

"ಹೆಸರು ಹೋದ್ರ ನಂದು ಹೋಗತೈತಿ. ನಾಳ ಹೋದ್ರ ಆಕಿದು ಹೋಗತೈತಿ."

ಇದನ್ನು ಕೇಳಿ ಅವರನ್ನು ಸಂತರೆಂದು ತಿಳಿಯಬೇಕಾಗಿಲ್ಲ. ಆವತ್ತು ಇಡೀ ದಿನ ಮುಖ ಊದಿಸಿಕೊಂಡಿದ್ದರು, ಊಟ ಮಾಡಲಿಲ್ಲ, ಆ ಸರ್ಜನ್ನರನ್ನು ಬಿಟ್ಟು ಬರಲು ತಮ್ಮ ಕಾರನ್ನೂ ಕೊಡಲಿಲ್ಲ.

ಅವರದು ತಿಕೋಟಾದ ದ್ರಾಕ್ಷಿ ಮನೆತನ. ತೋಟವನ್ನು ತಮ್ಮ ನೋಡಿಕೊಳ್ಳುತ್ತಿದ್ದ. ಇವರು ಹೊಟ್ಟೆ ನೋಡಿಕೊಳ್ಳುತ್ತಿದ್ದರು. ದುರ್ಬೀನ ಆಪರೇಷನ್ ಕಲಿಯುವವರು ಕೈ ಪಳಗಿಸಿಕೊಳ್ಳಲು ದ್ರಾಕ್ಷಿಯ ಸಿಪ್ಪೆ ಸುಲಿಯುವುದು ಎಲ್ಲ ಕಡೆಯೂ ಇರುವ ಪಾಠ. ಒಳಗಿನ ತಿರುಳು ಒಡೆಯದಂತೆ, ಉದ್ದನೆಯ ಇಕ್ಕಳದಿಂದ, ಪರದೆ ನೋಡುತ್ತ ಸುಲಿಯಬೇಕು. ಈ ಪಾಠ ತಮಗಾಗಿಯೇ ಹುಟ್ಟಿದ್ದೆಂದು ಡಾಕ್ಟರು ನಂಬಿದ್ದರು. ಮನೂಕ, ಅಂದರೆ ಒಣದ್ರಾಕ್ಷಿ, ತುಂಬುವ ರಟ್ಟಿನ ಬಾಕ್ಸಿಗೆ ತೂತು ಕೊರೆದು, ಮೇಲೆ ಮೊಬೈಲು ಇಟ್ಟು, ಅದರ ಕ್ಯಾಮೆರಾದಿಂದ ಒಳಗೆ ನೋಡುವ ಹಾಗೆ ಮಾಡಿದ್ದರು. ತಮ್ಮನಿಗೆ ಇದು ಸೇರುತ್ತಿರಲಿಲ್ಲ. "ಅಣ್ಣಾ, ನಾವು ಸಿಪ್ಪಿ ಸಮೇತ ತಿನ್ನತೀವಿ. ನಿನ್ನ ಡಾಕ್ಟರ್ ಮಂದಿ ಸುಲದು ಒಗಿಯಾಕ ನಾ ಇಷ್ಟ್ ಔಷಧ ಹೊಡದು ಬೆಳೀಬೇಕೇನ?"

ಆನ್‌ಲೈನ್ ಪಾಠದ ಗಾಳಿ ಬೀಸಿದಾಗ ಈ ಬಾಕ್ಸು ಅವರ ಅದೃಷ್ಟವನ್ನು ತೆರೆಯಿತು. ದೂರದ ಊರಿನ ಒಂದು ಕಂಪನಿ ಸರ್ಜನ್ನರಿಗೆ ದುರ್ಬೀನ ಆಪರೇಷನ್ ಕಲಿಸುವ ಆನ್‌ಲೈನ್ ಕೋರ್ಸು ತೆಗೆದಿತ್ತು. ವಿಡಿಯೋ ನೋಡಬೇಕು, ಮನೆಯಲ್ಲೇ ಬಾಕ್ಸಿನಲ್ಲಿ ಅಭ್ಯಾಸ ಮಾಡಿ ಅದರ ಚಿತ್ರಣ ಕಳಿಸಬೇಕು, ಕಂಪ್ಯೂಟರು ಅಂಕ ಕೊಡುತ್ತದೆ, ಕೊನೆಗೆ ಕಂಪನಿಯ ಕೇಂದ್ರಕ್ಕೆ ಹೋಗಿ ಯಂತ್ರದ ಹೊಟ್ಟೆಯ ಮೇಲೆ ಪರೀಕ್ಷೆ. ಬೇಗ ಮುಗಿಸಿದಷ್ಟೂ ಅಂಕ ಹೆಚ್ಚು. ಪಾಠ ಹೇಳಲು ಇವರನ್ನು ಕೇಳಿದರು. ಇವರು ಒಪ್ಪಿದ್ದಕ್ಕೆ ಬರೀ ಜಂಬವೇ ಕಾರಣವೆಂದರೆ ತಪ್ಪಾದೀತು. ತಾವು ಕಲಿಯುವಾಗ ಪುಣೆ ಮುಂಬಯಿಗಳಲ್ಲಿ ದೊಡ್ಡ ಡಾಕ್ಟರುಗಳ ಬೆನ್ನ ಹಿಂದೆ ನಿಂತು, ಭುಜಗಳ ಸಂದಿಯಿಂದ ಕದ್ದು ನೋಡಿ ಕಲಿತವರು ಅವರು. "ಬಬಲೇಶ್ವರದಾಗ ಕುಂತಾಂವನೂ ಕಲೀಬೇಕ್ರಿ. ಯಾರ ಬೆನ್ನ ನೋಡಕೋತ ನಿಂದರೂದು ತಪ್ಪಬೇಕು" ಎನ್ನುತ್ತಿದ್ದರು. ಇದನ್ನು ಮನಸ್ಸಿನಿಂದಲೇ ಹೇಳುತ್ತಿದ್ದರು.

ಸಂಜೆ ಹೊತ್ತು ಕಂಪ್ಯೂಟರಿನ ಮುಂದೆ ಟೈ ಕಟ್ಟಿಕೊಂಡು ಕೂರುವರು, ಕೆಳಗೆ ಪಾಯಜಾಮ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ಮಾತ್ರ ಕನ್ನಡದಲ್ಲಿ. ದೂರದ ರಾಜ್ಯದ ಡಾಕ್ಟರನೊಬ್ಬ ದ್ರಾಕ್ಷಿ ಸಿಗದೆ ಟೊಮ್ಯಾಟೋ ಸುಲಿಯತೊಡಗಿದಾಗ ಅವರಿಗಾದ ಅವಮಾನವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. "ನೋಡ್ರಿ ಡಾಕ್ಟ್ರ, ಸಾರ ಮಾಡಾಕ ಕುಂತಾನ ಮಗಾ."

ಆಮೇಲೆ ಕಂಪನಿಯವರು ಬಂದು ಅವರ ಪಿತ್ತಕೋಶದ ಆಪರೇಷನ್ ಒಂದನ್ನು ಪೂರ್ತಿ ಚಿತ್ರೀಕರಿಸಿಕೊಂಡು ಹೋದರು. ಪಂಚಾಯ್ತಿಯೂ ಕೂಡಿತು. ಸಿಸ್ಟರು ಆವತ್ತು ಹೊಸ ಟೋಪಿ ಹಾಕಿಕೊಂಡು, ಬಸ್ಸಿನ ಮಾತೆತ್ತದೆ, ಕಂಡದ್ದನ್ನು ಪಾಠ ಒಪ್ಪಿಸಿದಂತೆ ಹೇಳಿದಳು. ನಾನೂ ನಾಡಿಯನ್ನು ಬಿಟ್ಟು ಹೊಟ್ಟೆಯ ಬಗ್ಗೆ ಮಾತಾಡಿದೆ.

ಕೆಲವು ವಾರಗಳ ನಂತರ ಕಂಪನಿಯ ತರುಣ ಅಧಿಕಾರಿಯೊಬ್ಬ ಸಿದ್ಧವಾದ ವಿಡಿಯೋವನ್ನು ದವಾಖಾನೆಗೆ ತಂದು ತೋರಿಸಿದ. ಡಾಕ್ಟರು, ಅವರ ಹೆಂಡತಿ, ನಾನು ಕುಳಿತು ನೋಡಿದೆವು. ಹಿಂದೆ ಮೆಲುವಾದ ಸಂಗೀತ. ಡಾಕ್ಟರ ಕೈಗಳು ಹೊಟ್ಟೆಯೊಳಗೆ ಮೀನಿನ ಹಾಗೆ ಓಡಾಡಿದವು. ನಾಳ ಬಿಡಿಸಿದ್ದೇ ತಡ, ಕ್ಲಿಪ್ ಬಂತು, ಕತ್ತರಿ ಬಂತು, ಚೀಲ ಹೊರಗೆ ಬಂತು. ಪಂಚಾಯ್ತಿ ಇರಲಿಲ್ಲ. ನಮ್ಮ ದನಿಗಳೂ ಇರಲಿಲ್ಲ. ಯಾರೋ ಹೆಣ್ಣುಮಗಳು ಶುದ್ಧ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು.

"ಏನ್ರೀ ಇದು, ಚಾ ಆರೂದ್ರಾಗ ಮುಗದ ಹೋತಲ್ರಿ!" ಎಂದರು ಡಾಕ್ಟರ ಹೆಂಡತಿ.

ಆ ಮಾತಿಗೆ ಡಾಕ್ಟರ ಮುಖದಲ್ಲಿ ಮೂಡಿದ ಬೆಳಕನ್ನು ನಾನು ಮರೆಯಲಾರೆ. ಮದುವೆಯಾದಾಗಿನಿಂದ ಆಕೆ ಅವರ ಕೆಲಸವನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಪಂಚಾಯ್ತಿ ಎಲ್ಲಿ ಹೋತು?" ಎಂದು ನಾನು ಕೇಳಿದೆ.

ತರುಣ ಅಧಿಕಾರಿ ವಿನಯದಿಂದ ತಿರುಗಿದ. "ಸಾರ್, ಆ ಜಾಗದಲ್ಲಿ ಏನೂ ನಡೀತಿಲ್ಲ ಅಲ್ವಾ? ಸುಮ್ನೆ ನಿಂತಿರ್ತೀರ. ವ್ಯೂವರ್ಸ್ ಎದ್ದು ಹೋಗಿಬಿಡ್ತಾರೆ. ನಿಮಗೆ ಅದು ಇರಲೇಬೇಕು ಅಂದ್ರೆ ಹೇಳಿ, ಹಾಕೋಣ."

ಅವನು ಕೇಳಿದ್ದ. ಇದನ್ನು ನಾನು ಒತ್ತಿ ಬರೆಯುತ್ತಿದ್ದೇನೆ, ಏಕೆಂದರೆ ಮುಂದೆ ಬೈಗುಳವೆಲ್ಲ ಕಂಪನಿಯ ಪಾಲಿಗೇ ಹೋಯಿತು. ಡಾಕ್ಟರು ಪರದೆಯ ಮೇಲಿದ್ದ ತಮ್ಮ ಕೈಗಳನ್ನು ನೋಡುತ್ತಲೇ ಹೇಳಿದರು:

"ಇರ್ಲಿ ಬಿಡ್ರಿ. ಅದು ನಮ್ಮ ಮನಿ ಮಾತು. ಮಂದಿಗೆ ಯಾಕ?"

ತಮ್ಮ ದವಾಖಾನೆಯಲ್ಲಿ ಯಾವನ ಮುಂದೆಯೂ ಮುಚ್ಚಿಡದ ಆ ನಿಲ್ಲುವಿಕೆ, ಹೊರಗಿನವರ ಕಣ್ಣಿಗೆ ಬೀಳುತ್ತದೆ ಎಂದಾಗ ಹಳೆಯ ಹೊದಿಕೆಯ ಹಾಗೆ ಒಳಕೋಣೆಗೆ ಸರಿಯಿತು. ತಿಳಿದವನು ನಿಂತು ನಾಲ್ಕು ಜನರನ್ನು ಕೇಳಿದರೆ ತಿಳಿಯದವನಂತೆ ಕಾಣುತ್ತಾನೆ ಎಂಬ ನಾಚಿಕೆ. ಜೊತೆಗೆ, ಸರ್ಜನ್ ಆದವನು ನಿಲ್ಲದೆ ಇರುತ್ತಾನೆಯೇ, ಹೇಳಿಕೊಡಬೇಕಾದ್ದೇನು ಅದರಲ್ಲಿ, ಎಂಬ ಭರವಸೆ. ಎರಡರಲ್ಲಿ ಯಾವುದು ಹೆಚ್ಚೆಂದು ನಾನು ಹೇಳಲಾರೆ.

ವಿಡಿಯೋ ಬಹಳ ಓಡಿತು. ಎಲ್ಲೆಲ್ಲಿಂದಲೋ ಮೆಚ್ಚುಗೆ ಬರುತ್ತಿತ್ತು. ಅವರು ಅದನ್ನು ನನಗೂ ಕಳಿಸುವರು. ಆ ಆಪರೇಷನ್ನಿಗೆ ಅರಿವಳಿಕೆ ಕೊಟ್ಟವನು ನಾನೇ ಎಂಬುದು ಅವರಿಗೆ ಆಗ ಮರೆತುಹೋಗಿರುತ್ತಿತ್ತು.

ಆ ಕೋರ್ಸಿನ ಮೆಚ್ಚಿನ ಶಿಷ್ಯೆ ಬಬಲೇಶ್ವರದವಳು. ಎಂ.ಎಸ್. ಮುಗಿಸಿ, ಮದುವೆಯಾಗಿ ಬಂದು, ಅಲ್ಲಿನ ಸಣ್ಣ ನರ್ಸಿಂಗ್ ಹೋಮಿನಲ್ಲಿ ಕೆಲಸ ಮಾಡುತ್ತಿದ್ದಳು. ತೊಡೆಯ ಮೇಲೆ ಕೂಸು. ದೂರದ ಊರಿಗೆ ಹೋಗಿ ವರ್ಷಗಟ್ಟಲೆ ಕಲಿಯುವುದು ಆಗದ ಮಾತು. ಡಾಕ್ಟರು ಯಾರಿಗಾಗಿ ಟೈ ಕಟ್ಟಿಕೊಂಡು ಕೂರುತ್ತಿದ್ದರೋ ಅಂಥವಳೇ. ಮಗು ಮಲಗಿದ ಮೇಲೆ ಬಾಕ್ಸು ಹರವಿಕೊಂಡು ದ್ರಾಕ್ಷಿ ಸುಲಿಯುವಳು. ಅವಳ ಅತ್ತೆ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದರಂತೆ: "ನಮ್ಮ ಸೊಸಿ ದ್ರಾಕ್ಷಿ ಸುಲಿಯಾಕ ಇಷ್ಟ್ ಸಾಲಿ ಕಲತಾಳ ನೋಡ್ರೆವ್ವಾ." ಕಂಪ್ಯೂಟರು ಅವಳಿಗೆ ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟಿತು. "ಬಬಲೇಶ್ವರದಾಕಿ ಬಾಂಬೆದವ್ರನ್ನ ಹಿಂದ ಹಾಕ್ಯಾಳ್ರಿ" ಎಂದು ಡಾಕ್ಟರು ಥಿಯೇಟರಿನ ಆಯಾಗೂ ಹೇಳಿದರು.

ನರ್ಸಿಂಗ್ ಹೋಮಿಗೆ ದುರ್ಬೀನ ಯಂತ್ರ ಬಂದಾಗ ಉದ್ಘಾಟನೆಗೆ ಇವರೇ. ನಾನೂ ಜೊತೆಗೆ ಹೋಗಿದ್ದೆ. ಶಾಲು, ಹಾರ, ಹೋಳಿಗೆ ಊಟ. ಗುರುವನ್ನು ಎದುರಿಗೆ ಕಾಣದೆಯೇ ವಿದ್ಯೆ ಕಲಿತ ಶಿಷ್ಯೆ ಎಂದು ನಿರೂಪಕರು ಭಾವುಕರಾಗಿ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾತಾಡಲು ಎದ್ದ ಡಾಕ್ಟರು ತಮ್ಮ ವಿಡಿಯೋದ ಬಗ್ಗೆಯೇ ಬಹಳ ಹೊತ್ತು ಮಾತಾಡಿದರು. ಅವಳನ್ನು ಒಂದು ದಿನ ತಮ್ಮ ಥಿಯೇಟರಿಗೆ ಬಂದು ನಿಲ್ಲು ಎಂದು ಕರೆಯಬಹುದಿತ್ತು. ಎಲ್ಲವೂ ಆನ್‌ಲೈನಿನಲ್ಲೇ ಆಗುತ್ತದೆ ಎಂಬುದು ಅವತ್ತಿನ ಭಾಷಣದ ವಿಷಯವಾದ್ದರಿಂದ ಅದು ಹೊಂದುತ್ತಿರಲಿಲ್ಲ.

ಅವಳು ಹಲವಾರು ಪಿತ್ತಕೋಶ ಚೆನ್ನಾಗಿಯೇ ತೆಗೆದಳು. ಆಮೇಲೆ ಒಬ್ಬ ಹೆಣ್ಣುಮಗಳು ಹಳದಿಯಾದಳು.

ರೈತರ ಮನೆಯ ಹೆಣ್ಣುಮಗಳು, ಮಕ್ಕಳಿನ್ನೂ ಸಾಲಿಗೆ ಹೋಗುವ ವಯಸ್ಸು. ವಿಜಯಪುರಕ್ಕೆ ಕರೆತಂದರು. ಹೊಟ್ಟೆಯಲ್ಲಿ ಪಿತ್ತರಸ ತುಂಬಿತ್ತು. ಮೊದಲು ಅದನ್ನು ತೊಳೆದು, ನಳಿಕೆ ಇಡಬೇಕಿತ್ತು. ನಾನು ಅರಿವಳಿಕೆ ಕೊಟ್ಟೆ. ಡಾಕ್ಟರು ಕ್ಯಾಮೆರಾ ಇಳಿಸಿದರು. ಕ್ಲಿಪ್ಪುಗಳು ಪರದೆಯ ಮೇಲೆ ಫಳಫಳ ಹೊಳೆದವು, ದೊಡ್ಡ ಪಿತ್ತನಾಳದ ಮೇಲೆ.

ಪಂಚಾಯ್ತಿ ಕೂಡಿಸಿ ಎಂದು ಅವರು ಅನ್ನಲಿಲ್ಲ. ಕ್ಯಾಮೆರಾವನ್ನು ಇನ್ನಷ್ಟು ಹತ್ತಿರ ಒಯ್ದರು. "ಎಷ್ಟ್ ಛಂದ ಕೂಡಿಸ್ಯಾಳ ನೋಡ್ರಿ ಕ್ಲಿಪ್ಪು. ಒಂದಕ್ಕೊಂದು ಸಮಾ. ನನ್ನಂಗ ಐತಿ."

ಹೊರಗೆ ಆ ಹೆಣ್ಣುಮಗಳ ಗಂಡ ಕೈಮುಗಿದು ನಿಂತಿದ್ದ. ರೋಗಿಯನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ಯಬೇಕು, ನಾಳವನ್ನು ಅಲ್ಲಿ ಮತ್ತೆ ಜೋಡಿಸುತ್ತಾರೆ ಎಂದು ಡಾಕ್ಟರು ಹೇಳಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಆತ್ರೀ ಯಪ್ಪಾ. ನೀವ ಹೇಳಿದ ಮ್ಯಾಲ ಮುಗೀತು. ಆ ಡಾಕ್ಟರ್ ಬಾಯಾರು ಮೊಬೈಲ್‌ನ್ಯಾಗ ನಿಮ್ಮ ಆಪರೇಷನ್ ತೋರಿಸಿ, ಇವರ ಕಡೆ ಕಲತೀನಿ ಅಂದ್ರು. ನಿಮ್ಮ ಮಾರಿ ನೋಡೇ ನಾವು ಹೂಂ ಅಂದಿದ್ವಿ" ಎಂದ. ದೂರಿ ಹೇಳಿದ ಮಾತಲ್ಲ ಅದು. ಗೌರವಕ್ಕಾಗಿ ಹೇಳಿದ್ದು.

ಆ ಹೆಣ್ಣುಮಗಳಿಗೆ ಅಲ್ಲಿ ಮತ್ತೆ ಮತ್ತೆ ಆಪರೇಷನ್ ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡಳು.

ಬಬಲೇಶ್ವರದ ಶಿಷ್ಯೆ ಒಂದು ದಿನ ದವಾಖಾನೆಗೆ ಬಂದಳು. ಡಾಕ್ಟರು ನನ್ನನ್ನೂ ಕೂಡಿಸಿಕೊಂಡಿದ್ದರು. ಒಬ್ಬರೇ ಎದುರಿಸುವ ಧೈರ್ಯ ಅವರಿಗಿರಲಿಲ್ಲ ಎಂದು ಕಾಣುತ್ತದೆ. ಅವಳು ಅಳಲಿಲ್ಲ. ಅತ್ತಿದ್ದರೆ ಅನುಕೂಲವಾಗುತ್ತಿತ್ತು.

"ಕ್ಲಿಪ್ ಹಾಕೂಕಿಂತ ಮೊದಲ ನಿಂದರಬೇಕು ಯವ್ವಾ" ಎಂದರು ಡಾಕ್ಟರು. "ಕೈ ಬಿಟ್ಟು, ಹಿಂದ ಸರದು, ಎಲ್ಲಾರನೂ ಕೇಳಬೇಕು."

"ನೀವು ಎಲ್ಲಿ ನಿಂತೀರಿ ಸರ?"

ಡಾಕ್ಟರು ನನ್ನ ಕಡೆ ನೋಡಿದರು.

"ಆ ವಿಡಿಯೋ ನನಗ ಬಾಯಿಪಾಠ ಐತ್ರಿ. ನಿಮ್ಮ ಎಡಗೈ ಯಾವಾಗ ತಿರಗತೈತಿ ಅನ್ನೂದೂ ಗೊತ್ತೈತಿ. ನೀವು ಎಲ್ಲೂ ನಿಂತಿಲ್ರಿ. ಬಾಕ್ಸಿನ್ಯಾಗ ನಾ ಒಮ್ಮೆ ನಿಂತಿದ್ದೆ, ಕಂಪ್ಯೂಟರ್ ಮಾರ್ಕ್ಸ್ ಕಟ್ ಮಾಡತು." ಮತ್ತೆ ಕೇಳಿದಳು: "ಖರೇ ಹೇಳ್ರಿ ಸರ. ನೀವು ದಿನಾ ನಿಲ್ಲತಿದ್ರೇನ್ರಿ?"

"ದಿನಾ."

"ಹಂಗಾರ ನಮಗ ಯಾಕ ಹೇಳಲಿಲ್ರಿ?"

ನಲವತ್ತು ವರ್ಷ ಮಾತಿಗೆ ಸೋಲದ ಮನುಷ್ಯ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ಕುಳಿತರು. ಅವಳು ಎದ್ದು, ನಮಸ್ಕಾರ ಮಾಡಿ, ಹೋದಳು. ಆಮೇಲೆ ಅವಳು ಆಪರೇಷನ್ ಮಾಡಲಿಲ್ಲ. ನೆಗಡಿ ಜ್ವರಕ್ಕೆ ಔಷಧ ಬರೆದುಕೊಡುತ್ತಾಳೆ. ಯಂತ್ರವನ್ನು ನರ್ಸಿಂಗ್ ಹೋಮಿನವರು ಮಾರಿದರು.

ಅಂದಿನಿಂದ ಡಾಕ್ಟರಿಗೆ ಉಳಿದದ್ದು ಒಂದೇ ಕೆಲಸ: ಕತ್ತರಿಸಿದ ಆ ಪಂಚಾಯ್ತಿಯನ್ನು ವಿಡಿಯೋದಲ್ಲಿ ಮರಳಿ ಸೇರಿಸುವುದು. ಮೊದಲು ಕಂಪನಿಗೆ ಫೋನು ಮಾಡಿದರು. ಆ ತರುಣ ಅಧಿಕಾರಿ ಕೆಲಸ ಬಿಟ್ಟುಹೋಗಿದ್ದ. ಹೊಸಬ ಹೇಳಿದ: "ಸಾರ್, ಪೂರ್ತಿ ಚಿತ್ರೀಕರಣ ಡಿಲೀಟ್ ಆಗಿದೆ. ನಮ್ಮ ಹತ್ರ ಇರೋದು ಫೈನಲ್ ವರ್ಷನ್ ಅಷ್ಟೇ. ಅದನ್ನು ನೀವೇ ಓಕೆ ಮಾಡಿದ್ರಲ್ಲ." ಹಾಗಾದರೆ ವಿಡಿಯೋವನ್ನೇ ತೆಗೆದುಹಾಕಿ ಎಂದರು. ಅತಿ ಹೆಚ್ಚು ಜನ ನೋಡುವ ಪಾಠವನ್ನು ತೆಗೆಯಲು ಬರುವುದಿಲ್ಲ ಎಂದ. ಹೊಸದಾಗಿ ಇನ್ನೊಂದು ಆಪರೇಷನ್ ಮಾಡಿ ಚಿತ್ರಿಸೋಣವೆಂದರೆ, ಆ ಮಳೆಗಾಲದ ನಂತರ ಅವರ ಕೈ ನಡುಗತೊಡಗಿತ್ತು. ಯಾರೂ ಹೇಳದೆ ಅವರೇ ಕತ್ತರಿ ಕೆಳಗಿಟ್ಟಿದ್ದರು.

ಕೊನೆಗೆ ನಮ್ಮಿಬ್ಬರನ್ನು ಕರೆಸಿದರು, ನನ್ನನ್ನೂ ನಿವೃತ್ತಳಾಗಿದ್ದ ಸಿಸ್ಟರನ್ನೂ. ಮನೂಕದ ಬಾಕ್ಸನ್ನು ಮೇಜಿನ ಮೇಲಿಟ್ಟು, ಒಳಗೆ ದ್ರಾಕ್ಷಿ ಗೊಂಚಲಿಟ್ಟು, ಹಸಿರು ಗೌನು ಹಾಕಿಕೊಂಡು, ಒಂದು ಹೆಜ್ಜೆ ಹಿಂದೆ ಸರಿದು, ಕೈಗಳನ್ನು ಎದೆಯ ಮೇಲೆ ಜೋಡಿಸಿದರು. ತಮ್ಮನ ಸೊಸೆ ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದಳು.

"ಸಿಸ್ಟರ್, ಏನ್ ಕಾಣತೈತಿ?"

"ದ್ರಾಕ್ಷಿ ಕಾಣತಾವ್ರಿ ಸರ."

"ದ್ರಾಕ್ಷಿ ಅನಬ್ಯಾಡ ಬಾಯಿ. ಪಿತ್ತಕೋಶ ಐತಿ ಅಂತ ತಿಳಕೊಂಡು ಹೇಳು."

"ಹ್ಯಾಂಗ ತಿಳಕೊಳ್ಳಲಿ ಸರ? ಎದುರಿಗೆ ದ್ರಾಕ್ಷಿ ಅದಾವಲ್ರಿ" ಎಂದಳು ಆಕೆ. ಹಾಗೆ ಹೇಳುವಾಗ ಆಕೆಯ ಕಣ್ಣಲ್ಲಿ ನೀರಿತ್ತು. ಅಷ್ಟು ವರ್ಷ ಬೈದುಕೊಂಡೇ ಪಂಚಾಯ್ತಿಗೆ ಕೂತವಳು. ಆ ಚಿತ್ರಣವನ್ನು ಕಂಪನಿಗೆ ಕಳಿಸಿದೆವು. ಗುಣಮಟ್ಟ ಸಾಲದು, ಜೊತೆಗೆ ಪಾಠದ ಉದ್ದ ಹೆಚ್ಚಿಸಲು ಅವಕಾಶವಿಲ್ಲ ಎಂದು ಉತ್ತರ ಬಂತು.

ಆಗ ಅವರು ಹಿಡಿದದ್ದು ಫೋನಿನ ದಾರಿ. ಕೋರ್ಸು ಮುಗಿಸಿದ ಡಾಕ್ಟರುಗಳ ನಂಬರುಗಳು ಹಳೆಯ ವಾಟ್ಸಾಪ್ ಗುಂಪಿನಲ್ಲಿದ್ದವು. ಮಧ್ಯಾಹ್ನ ಊಟವಾದ ಮೇಲೆ ಒಬ್ಬೊಬ್ಬರಿಗೇ ಫೋನು ಮಾಡುತ್ತ ಕೂರುವರು. ನಾನು ಹಲವು ಸಲ ಎದುರಿಗೇ ಇದ್ದೆ. "ನಾನು ಆ ಪಿತ್ತಕೋಶದ ವಿಡಿಯೋದವನು. ಅದರಲ್ಲಿ ಒಂದು ಸುಳ್ಳಿದೆ" ಎಂದು ಇಂಗ್ಲಿಷಿನಲ್ಲಿ ಶುರುಮಾಡುವರು. ಈ ಕಾಲದಲ್ಲಿ ಗುರುತಿಲ್ಲದ ನಂಬರಿನಿಂದ ಹಾಗೆ ಯಾರಾದರೂ ಮಾತು ಶುರುಮಾಡಿದರೆ ಬುದ್ಧಿವಂತರು ಏನು ತಿಳಿಯಬೇಕೋ ಅದನ್ನೇ ತಿಳಿದರು. ಕೆಲವರು ಇಟ್ಟುಬಿಟ್ಟರು. ಒಬ್ಬ, ತಾನು ಓ.ಟಿ.ಪಿ. ಹೇಳುವವನಲ್ಲ, ಬೇರೆ ಯಾರನ್ನಾದರೂ ನೋಡಿಕೋ ಎಂದ. ಇನ್ನೊಬ್ಬ ಮಾತ್ರ ಗುರುತು ಹಿಡಿದು, ಸರ್ ನಿಮ್ಮ ವೇಗಕ್ಕೆ ನಾನು ಅಭಿಮಾನಿ ಎಂದು ಬಹಳ ಹೊತ್ತು ಹೊಗಳಿದ. ಇವರು ಹೇಳಬೇಕೆಂದಿದ್ದನ್ನು ಹೇಳುವ ಹೊತ್ತಿಗೆ ಅವನಿಗೆ ಥಿಯೇಟರಿನಿಂದ ಕರೆ ಬಂತು. ಪೂರ್ತಿ ಕೇಳಿಸಿಕೊಂಡವರು ಬೆರಳೆಣಿಕೆಯಷ್ಟು. ಅವರಲ್ಲೊಬ್ಬ ಮರುದಿನ ತಾನೇ ಫೋನು ಮಾಡಿ, ನಿಂತೆ ಸರ್ ಎಂದನಂತೆ. ಆ ಒಂದು ಮಾತನ್ನು ಡಾಕ್ಟರು ನನಗೆ ಎಷ್ಟು ಸಲ ಹೇಳಿದರೋ. ಹೊಗಳಿಕೆ ಹೇಳುತ್ತಿದ್ದ ದನಿಯಲ್ಲೇ ಹೇಳುತ್ತಿದ್ದರು. ಆ ದನಿಯೊಂದು ಅವರಲ್ಲಿ ಬದಲಾಗಲಿಲ್ಲ.

ಯಾರೋ ದೂರಿದರು. ಬಳಕೆದಾರರಿಗೆ ನೇರವಾಗಿ ಫೋನು ಮಾಡಕೂಡದೆಂದು ಕಂಪನಿಯ ವಕೀಲರಿಂದ ನೋಟೀಸು ಬಂತು. "ನಾ ಹೇಳಿದ್ ಪಾಠ, ನಾನ ಮಾತಾಡಬಾರದಂತ ನೋಡ್ರಿ" ಎಂದು ನಕ್ಕರು. ಫೋನು ನಿಲ್ಲಿಸಲಿಲ್ಲ. ದನಿ ಕುಗ್ಗಿ, ಮಾತು ತಡವರಿಸಿ, ಎತ್ತಿದವರಿಗೆ ಅರ್ಥವಾಗದ ಹಾಗಾದ ಮೇಲೆ ತಾನಾಗಿಯೇ ನಿಂತಿತು.

ಕಳೆದ ಚಳಿಗಾಲದಲ್ಲಿ ಅವರನ್ನು ತಿಕೋಟಾದ ತೋಟದಲ್ಲಿ ಮಣ್ಣು ಮಾಡಿದರು. ಬಬಲೇಶ್ವರದ ಶಿಷ್ಯೆ ಬಂದು, ದೂರ ನಿಂತು, ಹೋದಳು. ಅವತ್ತು ಸಂಜೆ ಸರ್ಜನ್ನರ ಗುಂಪುಗಳಲ್ಲೆಲ್ಲ ಅವರ ವಿಡಿಯೋ ಹರಿದಾಡಿತು. ಎಂಥ ಕೈ, ಎಂಥ ವೇಗ ಎಂದು ಕೆಳಗೆ ಕೈಮುಗಿದ ಚಿತ್ರಗಳು.

ಕಂಪನಿಯವರು ವಿಡಿಯೋದ ಮೊದಲಿಗೆ ಅವರ ಫೋಟೋ ಹಾಕಿ, ಹಾರ ಹಾಕಿ, ಸಂಗೀತದೊಂದಿಗೆ ಒಂದು ಶ್ರದ್ಧಾಂಜಲಿಯನ್ನು ಸೇರಿಸಿದ್ದಾರೆ. ಪಾಠದ ಉದ್ದ ಅಷ್ಟರಮಟ್ಟಿಗೆ ಹೆಚ್ಚಾಗಿದೆ. ನಾಳ ಬಿಡಿಸಿದ ಕೂಡಲೇ ಕ್ಲಿಪ್ ಬರುತ್ತದೆ.